ಟ್ರ್ಯಾಕ್ಟರಿನ ಬೆನ್ನಿಗೆ ಏನು ಕಟ್ಟೋಣ?

(ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟದ ಪ್ರತಿನಿಧಿಗಳ ಸಭೆಯಲ್ಲಿ ಮಾಡಿದ ಭಾಷಣ)



ಒಕ್ಕೂಟದ ಮುಂದೆ ಈಗ ಮೂರು ಸಂಘಗಳ ಸಾಲದ ಅರ್ಜಿಗಳಿವೆ. ಮೂರೂ ಸಂಘಗಳ ಹತ್ತಿರ ಸಣ್ಣ ಟ್ರ್ಯಾಕ್ಟರ್ ಇದೆ. ಅದರ ಹಿಂದೆ ಕಟ್ಟುವ ಸಲಕರಣೆ ಕೊಳ್ಳಲು ಈಗ ಹಣ ಬೇಕು. ಒಂದು ಅರ್ಜಿಯಲ್ಲಿ 'ರೋಟವೇಟರ್' ಎಂದಷ್ಟೇ ಬರೆದಿದೆ. ಎರಡನೆಯದರಲ್ಲಿಯೂ ಅದೇ. ಮೂರನೆಯದರಲ್ಲಿ 'ರೋಟವೇಟರ್ ಮತ್ತು ಇತರೆ' ಎಂದಿದೆ. ಈ 'ಇತರೆ' ಅಂದ್ರೆ ಏನಮ್ಮಾ ಎಂದು ಕೇಳಿದ್ದಕ್ಕೆ ಆ ಸಂಘದ ಪ್ರತಿನಿಧಿ ನಕ್ಕು, "ಅದು ಡ್ರೈವರಿಗೆ ಗೊತ್ತು ಸಿಸ್ಟರ್" ಅಂದರು. ಸಾಲ ತೀರಿಸುವವರು ಹದಿನೈದು ಮಂದಿ ಹೆಂಗಸರು, ಏನು ತರಬೇಕು ಅಂತ ಗೊತ್ತಿರುವುದು ಡ್ರೈವರಿಗೆ! ಅರ್ಜಿಗಳನ್ನು ತಿರಸ್ಕರಿಸಿಲ್ಲ, ಗಾಬರಿ ಬೇಡ. ಆದರೆ ಸಹಿ ಹಾಕುವ ಮೊದಲು ಟ್ರ್ಯಾಕ್ಟರಿನ ಹಿಂಭಾಗವನ್ನು ನೀವೇ ಒಮ್ಮೆ ಕೂತು ನೋಡಬೇಕು. ಇವತ್ತಿನ ಮಾತು ಅದರ ಬಗ್ಗೆ.

ನೇಗಿಲು ಹೊಡೆಯುವುದನ್ನು ನೀವೆಲ್ಲಾ ನೋಡಿದ್ದೀರಿ. ಎತ್ತು ಎಳೆಯುತ್ತದೆ, ನೊಗ ಹೊರುತ್ತದೆ, ಹಿಂದೆ ನಡೆಯುವವನು ಮೇಳಿಯನ್ನು ಒತ್ತಿ ಹಿಡಿಯುತ್ತಾನೆ. ಗಟ್ಟಿ ನೆಲ ಬಂದರೆ ಕೈ ಸಡಿಲ ಮಾಡುತ್ತಾನೆ, ಮೆತ್ತಗಿದ್ದರೆ ಒತ್ತುತ್ತಾನೆ. ಟ್ರ್ಯಾಕ್ಟರಿನ ಹಿಂದಿರುವ ಮೂರು ತೋಳುಗಳು ಈ ಎಲ್ಲಾ ಕೆಲಸವನ್ನೂ ತಾವೇ ಮಾಡುತ್ತವೆ. ಕೆಳಗಿನ ಎರಡು ತೋಳು ಎಳೆಯುತ್ತವೆ, ಎತ್ತುತ್ತವೆ. ಮೇಲಿನ ಒಂದು ತೋಳು, ಅಂದರೆ ಟಾಪ್ ಲಿಂಕ್, ಸಲಕರಣೆ ಹಿಂದಕ್ಕೂ ಮುಂದಕ್ಕೂ ವಾಲದಂತೆ ಹಿಡಿಯುತ್ತದೆ. ಸೀಟಿನ ಪಕ್ಕ ಸಾಮಾನ್ಯವಾಗಿ ಎರಡು ಲಿವರ್ ಇರುತ್ತವೆ. ಒಂದು ಎತ್ತರಕ್ಕೆ. ಇನ್ನೊಂದು ಮೇಳಿ ಹಿಡಿದ ಕೈ ಇದ್ದ ಹಾಗೆ: ನೆಲ ಗಟ್ಟಿಯಾಗಿ ಎಳೆತ ಹೆಚ್ಚಾದರೆ ತಾನೇ ಸ್ವಲ್ಪ ಎತ್ತಿ ಕೊಡುತ್ತದೆ. ಈ ಎರಡನೆಯ ಲಿವರನ್ನು ಮುಟ್ಟದ ಡ್ರೈವರುಗಳನ್ನು ನಾನು ಬಹಳ ಕಂಡಿದ್ದೇನೆ.

ಈ ಮೂರು ತೋಳಿನ ಏರ್ಪಾಡು ನಮ್ಮ ಕೈಗೆ ಬಂದದ್ದು ಐರ್ಲೆಂಡಿನ ರೈತನ ಮಗ ಹ್ಯಾರಿ ಫರ್ಗ್ಯುಸನ್ ಎಂಬವರಿಂದ. 1926ರಲ್ಲಿ ಅವರಿಗೆ ಇದರ ಪೇಟೆಂಟ್ ಸಿಕ್ಕಿತು, 1939ರಲ್ಲಿ ಫೋರ್ಡ್ ಕಂಪನಿಯ ಟ್ರ್ಯಾಕ್ಟರಿನಲ್ಲಿ ದೊಡ್ಡ ಪ್ರಮಾಣದಲ್ಲಿ ಬಂತು. ಅದಕ್ಕಿಂತ ಮೊದಲು ನೇಗಿಲನ್ನು ಸರಪಳಿಯಲ್ಲೋ ಕೊಕ್ಕೆಯಲ್ಲೋ ಕಟ್ಟಿ ಎಳೆಯುತ್ತಿದ್ದರು. ನೇಗಿಲು ಬಂಡೆಗೆ ಸಿಕ್ಕಿಕೊಂಡರೆ ಟ್ರ್ಯಾಕ್ಟರಿನ ಮೂತಿ ಮೇಲೆದ್ದು, ಹಿಂದಕ್ಕೆ ಮಗುಚಿ, ಓಡಿಸುವವನ ಮೇಲೇ ಬೀಳುತ್ತಿತ್ತು. ಇದು ಹಳೇ ಕಥೆ ಅಂದುಕೊಳ್ಳಬೇಡಿ. ಇವತ್ತಿಗೂ ಕೆಸರಲ್ಲಿ ಹೂತ ಗಾಡಿ ಎಳೆಯಲು, ತೆಂಗಿನ ಬುಡ ಕೀಳಲು ಟಾಪ್ ಲಿಂಕ್ ಜಾಗಕ್ಕೋ ಆಕ್ಸಲ್‌ಗೋ ಸರಪಳಿ ಕಟ್ಟುವವರಿದ್ದಾರೆ. ಎಳೆಯುವುದೇ ಆದರೆ ಕೆಳಗಿನ ಕೊಕ್ಕೆಗೆ, ಡ್ರಾಬಾರಿಗೆ ಮಾತ್ರ ಕಟ್ಟಬೇಕು. ಇದನ್ನು ಸಂಘದ ನಿಯಮ ಪುಸ್ತಕದಲ್ಲಿ ಬರೆದಿಡಿ, ಡ್ರೈವರನ ಸಹಿಯನ್ನೂ ಹಾಕಿಸಿ.

ಈಗ ಅಳತೆಗೆ ಬರೋಣ. ಅಂಗಡಿಗೆ ಹೋಗುವ ಮೊದಲು ಟೈಲರ್ ಅಕ್ಕನ ಹತ್ತಿರ ಇರುವ ಟೇಪನ್ನು ತೆಗೆದುಕೊಂಡು ಟ್ರ್ಯಾಕ್ಟರಿನ ಹಿಂದೆ ಕುಳಿತುಕೊಳ್ಳಿ. ಸಲಕರಣೆಯ ಎರಡು ಕೆಳ ಪಿನ್ನುಗಳು ಒಂದಕ್ಕೊಂದು ಎಷ್ಟು ದೂರ ಇರಬೇಕು ಎನ್ನುವುದಕ್ಕೆ ಲೋಕಕ್ಕೆಲ್ಲಾ ಒಂದೇ ಅಳತೆಗಳನ್ನು ಮಾಡಿಟ್ಟಿದ್ದಾರೆ. ಅದಕ್ಕೆ ಕೆಟಗರಿ ಎನ್ನುತ್ತಾರೆ. ದೊಡ್ಡ ಟ್ರ್ಯಾಕ್ಟರುಗಳಲ್ಲಿ ಕೆಟಗರಿ ಎರಡು: ಪಿನ್ನು ಸುಮಾರು 28 ಮಿಲಿಮೀಟರ್ ದಪ್ಪ, ನಡುವಿನ ಅಂತರ ಸುಮಾರು 82 ಸೆಂಟಿಮೀಟರ್. ಕೆಟಗರಿ ಒಂದರಲ್ಲಿ ಪಿನ್ನು 22 ಮಿಲಿಮೀಟರ್, ಅಂತರ 68 ಸೆಂಟಿಮೀಟರ್ ಆಸುಪಾಸು. ನಮ್ಮ 15-20 ಎಚ್.ಪಿ. ಸಣ್ಣ ಟ್ರ್ಯಾಕ್ಟರುಗಳಲ್ಲಿ ಅನೇಕವಕ್ಕೆ 'ಒನ್ ಎನ್' ಎಂಬ ಕಿರಿದಾದ ಅಳತೆ ಇರುತ್ತದೆ. ಪಿನ್ನಿನ ದಪ್ಪ ಅದೇ 22, ಆದರೆ ಅಂತರ 40 ಸೆಂಟಿಮೀಟರ್ ಮಾತ್ರ. ಎಡವಟ್ಟಾಗುವುದು ಇಲ್ಲಿಯೇ. ಪಿನ್ನು ತೂತಿಗೆ ಸರಿಹೋಯಿತು ಎಂದು ಖುಷಿಪಟ್ಟು ಅಗಲದ ಸಲಕರಣೆ ಕಟ್ಟಿದರೆ ತೋಳುಗಳು ಹೊರಕ್ಕೆ ಕಾಲು ಚಾಚಿದಂತೆ ನಿಲ್ಲುತ್ತವೆ, ಚೈನು ಬಿಗಿದುಕೊಳ್ಳುತ್ತದೆ, ಎತ್ತಿದಾಗ ತೋಳು ಟೈರಿಗೆ ಉಜ್ಜುತ್ತದೆ. ಭಾವನ ಮನೆಯ ದೊಡ್ಡ ಟ್ರ್ಯಾಕ್ಟರಿನ ಹಳೇ ಕಲ್ಟಿವೇಟರ್ ಪುಕ್ಕಟೆ ಸಿಗುತ್ತದೆ ಎಂದು ಹಿಗ್ಗಬೇಡಿ. ಅದನ್ನು ನಮ್ಮ ಅಳತೆಗೆ ತರಲು ವೆಲ್ಡಿಂಗ್ ಅಂಗಡಿಗೆ ಕೊಡುವ ದುಡ್ಡಿನಲ್ಲಿ ಅರ್ಧ ಹೊಸದು ಬಂದಿರುತ್ತದೆ.

ಎರಡನೆಯದು, ಎತ್ತುವ ಶಕ್ತಿ. ಕಂಪನಿಯ ಹಾಳೆಯಲ್ಲಿ '750 ಕೆ.ಜಿ. ಎತ್ತುತ್ತದೆ' ಎಂದು ದಪ್ಪಕ್ಷರದಲ್ಲಿ ಇರುತ್ತದೆ ಎಂದುಕೊಳ್ಳಿ. ಅದು ಸಾಮಾನ್ಯವಾಗಿ ತೋಳಿನ ತುದಿಯಲ್ಲಿ ಅಳೆದದ್ದು. ಆದರೆ ಸಲಕರಣೆಯ ಭಾರ ತುದಿಯಲ್ಲಿ ಕೂತಿರುವುದಿಲ್ಲ, ಎರಡಡಿ ಹಿಂದಕ್ಕೆ ಇರುತ್ತದೆ. ತುಂಬಿದ ಕೊಡವನ್ನು ಸೊಂಟದ ಮೇಲೆ ಹೊತ್ತುಕೊಂಡು ಎಷ್ಟು ದೂರವಾದರೂ ಹೋಗ್ತೀರಿ. ಅದೇ ಕೊಡವನ್ನು ಕೈ ಮುಂದೆ ಚಾಚಿ ಹಿಡಿಯಿರಿ ನೋಡೋಣ! ಅದಕ್ಕೇ ಸರ್ಕಾರದ ಪರೀಕ್ಷೆಗಳಲ್ಲಿ ತೋಳಿನ ತುದಿಯಿಂದ 610 ಮಿಲಿಮೀಟರ್ ಹಿಂದೆ ಭಾರ ಇಟ್ಟು ಅಳೆದ ಅಂಕಿಯೂ ಇರುತ್ತದೆ. ನಮಗೆ ಬೇಕಾದದ್ದು ಆ ಅಂಕಿ. ಮತ್ತೆ, ತೋಳು ಎತ್ತಿದರೂ ಮೂತಿ ನೆಲಕ್ಕೆ ಕೂತಿರಬೇಕಲ್ಲ? ಮುಂದಿನ ಚಕ್ರಗಳ ಮೇಲೆ ಟ್ರ್ಯಾಕ್ಟರಿನ ತೂಕದ ಐದನೇ ಒಂದು ಭಾಗವಾದರೂ ಉಳಿದಿರಬೇಕು, ಇಲ್ಲದಿದ್ದರೆ ಸ್ಟೇರಿಂಗ್ ತಿರುಗಿಸಿದರೂ ಗಾಡಿ ತಿರುಗುವುದಿಲ್ಲ. ಏರು ಹತ್ತುವಾಗ ಇನ್ನೂ ಕಷ್ಟ. ಮುಂದೆ ತಗುಲಿಸುವ ಕಬ್ಬಿಣದ ತೂಕಗಳನ್ನು ಮಾರುವವರು ಕೇಳದೆ ತೋರಿಸುವುದಿಲ್ಲ. ನೀವೇ ಕೇಳಿ ತೆಗೆದುಕೊಳ್ಳಿ.

ಇನ್ನು ರೋಟವೇಟರ್. ಎಲ್ಲರಿಗೂ ಬೇಕು, ಯಾಕೆಂದರೆ ಒಂದೇ ಸುತ್ತಿಗೆ ಮಣ್ಣು ರವೆಯ ಹಾಗೆ ಆಗುತ್ತದೆ. ಹಗುರ ಟ್ರ್ಯಾಕ್ಟರಿಗೆ ಅದು ಒಗ್ಗುತ್ತದೆ ಎನ್ನುವುದೂ ನಿಜ. ನೇಗಿಲು ಟ್ರ್ಯಾಕ್ಟರನ್ನು ಹಿಂದಕ್ಕೆ ಜಗ್ಗುತ್ತದೆ, ಹಗುರ ಗಾಡಿಯ ಚಕ್ರ ಜಾರುತ್ತದೆ. ರೋಟವೇಟರಿನ ಬ್ಲೇಡುಗಳು ಚಕ್ರ ತಿರುಗುವ ದಿಕ್ಕಿಗೇ ತಿರುಗಿ ಮಣ್ಣನ್ನು ಹಿಂದಕ್ಕೆ ಒದ್ದು ಗಾಡಿಯನ್ನು ಮುಂದಕ್ಕೆ ತಳ್ಳುತ್ತವೆ. ಇಳಿಜಾರಿನಲ್ಲಿ ಇದೇ ಅಪಾಯ ಕೂಡ, ಇಳಿಯುವಾಗ ಹಿಂದಿನಿಂದ ಯಾರೋ ನೂಕಿದ ಹಾಗೆ ಆಗುತ್ತದೆ. ಅಗಲ ಎಷ್ಟಿರಬೇಕು? ಇಂಜಿನ್ನಿನ ಎಚ್.ಪಿ. ನೋಡಬೇಡಿ, ಹಿಂದಿನ ಶಾಫ್ಟಿಗೆ ಬರುವ ಎಚ್.ಪಿ. ನೋಡಿ. ಅದನ್ನು ಪಿ.ಟಿ.ಒ. ಪವರ್ ಅನ್ನುತ್ತಾರೆ, ಇಂಜಿನ್ನಿನದಕ್ಕಿಂತ ಅದು ಕಡಿಮೆಯೇ ಇರುತ್ತದೆ. ಇಪ್ಪತ್ತರ ಆಸುಪಾಸಿನ ಎಚ್.ಪಿ.ಗೆ ಮೂರಡಿ, ಇಪ್ಪತ್ತೈದರ ಮೇಲಾದರೆ ಮೂರೂವರೆಯಿಂದ ನಾಲ್ಕಡಿ. ಐದಡಿಯದು ನಲವತ್ತು ಎಚ್.ಪಿ. ಗಾಡಿಗಳಿಗೆ. 'ಅಗಲ ಇದ್ದರೆ ಬೇಗ ಮುಗಿಯುತ್ತೆ' ಎಂದು ಒಂದು ಸಂಘಕ್ಕೆ ಐದಡಿಯದನ್ನು ಕಟ್ಟಿ ಕಳಿಸಿದ್ದರು. ಗಾಡಿ ಹೊಗೆ ಕಾರಿ ನಿಲ್ಲುತ್ತಿತ್ತು. ವಾಪಸು ಕೇಳಿದರೆ 'ಮಣ್ಣು ತಗುಲಿದ ಮೇಲೆ ವಾಪಸಿಲ್ಲ' ಎಂಬ ಉತ್ತರ ಸಿಕ್ಕಿತು. ತೀರಾ ಕಿರಿದಾದರೂ ಆಗದು. ಹಿಂದಿನ ಟೈರುಗಳು ತುಳಿದ ಜಾಗವನ್ನು ಸಲಕರಣೆ ಮುಚ್ಚುವಷ್ಟು ಅಗಲ ಇರಬೇಕು. ಟೇಪು ಕೈಯಲ್ಲೇ ಇದೆಯಲ್ಲ, ಒಂದು ಟೈರಿನ ಹೊರ ಅಂಚಿನಿಂದ ಇನ್ನೊಂದರ ಹೊರ ಅಂಚಿಗೆ ಅಳೆದು ಬರೆದುಕೊಳ್ಳಿ.

ರೋಟವೇಟರ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಆದರೆ ವರ್ಷವೂ ಅದನ್ನೇ ಅದೇ ಆಳಕ್ಕೆ ಹೊಡೆದರೆ ಕೆಳಗೆ ಒಂದು ಗಟ್ಟಿ ಪದರ ಕೂರುತ್ತದೆ, ನೀರು ಇಳಿಯುವುದಿಲ್ಲ. ಇಳಿಜಾರು ಹೊಲದಲ್ಲಿ ಪುಡಿಯಾದ ಮಣ್ಣು ಮೊದಲ ಮಳೆಗೇ ಹಳ್ಳ ಸೇರುತ್ತದೆ. ಐದು ಹಲ್ಲಿನ ಕಲ್ಟಿವೇಟರ್ ಹೆಂಟೆ ಎಬ್ಬಿಸುತ್ತದೆ, ನಿಜ. ಆ ಹೆಂಟೆಯೇ ಮಳೆನೀರನ್ನು ಹಿಡಿದು ನಿಲ್ಲಿಸುವುದು. ಅಡಿಕೆ ತೋಟದವರಿಗೆ ಇನ್ನೊಂದು ಮಾತು. ಒಂಬತ್ತು ಅಡಿ ಸಾಲಿನಲ್ಲಿ ಸಣ್ಣ ಟ್ರ್ಯಾಕ್ಟರ್ ಸಲೀಸಾಗಿ ಓಡುತ್ತದೆ, ಅದಕ್ಕಾಗಿಯೇ ಚನ್ನಗಿರಿ, ಹೊನ್ನಾಳಿ, ಶಿಕಾರಿಪುರದ ಕಡೆ ಅದಕ್ಕೆ ಬೇಡಿಕೆ. ಆದರೆ ಅಡಿಕೆಯದು ನಾರುಬೇರು, ಮೇಲ್ಮಣ್ಣಿನಲ್ಲೇ ಹರಡಿರುತ್ತದೆ. ಬುಡದ ಹತ್ತಿರ ಆಳಕ್ಕೆ ಹೊಡೆದರೆ ಬೇರು ಕತ್ತರಿಸಿದಂತೆಯೇ. ಹನಿ ನೀರಾವರಿ ಪೈಪು ಬ್ಲೇಡಿಗೆ ಸುತ್ತಿಕೊಂಡು ಮಾಲೀಕನ ಹತ್ತಿರ ಜಗಳವಾದ ಮೇಲೆ ಯಾವ ಬಾಡಿಗೆಯೂ ಸಿಗುವುದಿಲ್ಲ. ತೋಟಕ್ಕಾದರೆ ಕಳೆ ಸವರಿ ಅಲ್ಲೇ ಮುಚ್ಚಿಗೆಯಾಗಿ ಬೀಳಿಸುವ ಸ್ಲಾಷರನ್ನು ಒಮ್ಮೆ ವಿಚಾರಿಸಿ. ಅದೂ ಮೂರು ತೋಳಿಗೇ ಕಟ್ಟುವಂಥದು, ಮಣ್ಣು ಮುಟ್ಟುವುದಿಲ್ಲ.

ಇಲ್ಲಿ ಸ್ವಲ್ಪ ನಿಂತು ಒಂದು ಪ್ರಶ್ನೆ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕಳೆ ತೆಗೆಯುವುದು ಯಾರ ಕೆಲಸ? ತೋಟದಲ್ಲಿ, ಮೆಕ್ಕೆಜೋಳದ ಸಾಲಿನಲ್ಲಿ ಬಗ್ಗಿ ಕೂಲಿ ಮಾಡುವವರು ಈ ಸಭೆಯಲ್ಲೇ ಎಷ್ಟು ಮಂದಿ ಇದ್ದೀರಿ, ಕೈ ಎತ್ತಿ. ನೋಡಿ, ಅರ್ಧಕ್ಕಿಂತ ಹೆಚ್ಚು. ನಾವೆಲ್ಲಾ ಸೇರಿ ಸಾಲ ಮಾಡಿ ತರುವ ಯಂತ್ರ ನಮ್ಮದೇ ಸಂಘದ ಭೂಮಿಯಿಲ್ಲದ ಅಕ್ಕನ ಕೂಲಿಯನ್ನು ತಿಂದರೆ, ಆ ಸಾಲದ ಕಂತಿಗೆ ಆಕೆ ಯಾವ ಬಾಯಿಂದ ಹೂಂ ಅನ್ನಬೇಕು? ಯಂತ್ರ ನಾವು ತರದಿದ್ದರೂ ಇನ್ನೊಬ್ಬ ತರುತ್ತಾನೆ ಎನ್ನುವ ವಾದ ನನಗೆ ಗೊತ್ತು, ಅದು ಸುಳ್ಳೂ ಅಲ್ಲ. ಆದರೆ ಮೊದಲ ಸಲಕರಣೆಯನ್ನು ಆರಿಸುವ ಹಕ್ಕು ನಮ್ಮ ಕೈಯಲ್ಲಿದೆ. ಹೆಂಗಸರ ಕೂಲಿಯನ್ನು ಕಸಿಯುವುದಕ್ಕಿಂತ, ಕೂಲಿಯೇ ಇಲ್ಲದೆ ಹೆಂಗಸರು ಮಾಡುವ ಕೆಲಸವನ್ನು ಹಗುರ ಮಾಡುವ ಸಲಕರಣೆ ಯಾವುದು ಅಂತ ಮೊದಲು ನೋಡಬಾರದೇ?

ಯಾವುದು ಆ ಕೆಲಸ? ಹೊರುವುದು! ಕೊಟ್ಟಿಗೆ ಗೊಬ್ಬರ ಹೊಲಕ್ಕೆ, ಹುಲ್ಲು ಮನೆಗೆ, ಸೌದೆ, ಅಡಿಕೆ ಗೊನೆ, ಸೋಗೆ, ನೀರಿನ ಡ್ರಮ್ಮು, ಎಲ್ಲವೂ ನಮ್ಮ ತಲೆ ಮೇಲೆ. ಮೂರು ಅರ್ಜಿಗಳಲ್ಲಿ ಒಂದರಲ್ಲೂ ಹೊರುವ ಸಲಕರಣೆಯ ಹೆಸರಿಲ್ಲ. ಗಂಡಸರು ಉಳುತ್ತಾರೆ, ಅವರನ್ನು ಕೇಳಿದರೆ ಉಳುವ ಯಂತ್ರವನ್ನೇ ಹೇಳುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ನಾವು ನಮ್ಮ ಕತ್ತನ್ನು ಕೇಳಬೇಕಿತ್ತು.

ಟ್ರೇಲರ್ ಅಂದಕೂಡಲೇ ದೊಡ್ಡ ಖರ್ಚು ಅಂದುಕೊಳ್ಳುತ್ತೀರಿ. ಅದಕ್ಕೂ ಮುಂಚೆ ಒಂದು ಸಣ್ಣ ವಸ್ತು ಇದೆ. ಮೂರು ತೋಳಿಗೆ ನೇರವಾಗಿ ಕಟ್ಟುವ ಪೆಟ್ಟಿಗೆ. ಆಂಗಲ್ ಕಬ್ಬಿಣದ ಚೌಕಟ್ಟು, ಮೇಲೆ ತಗಡು ಅಥವಾ ಹಲಗೆ, ಮೂರು ಪಿನ್ನು. ಚಕ್ರವಿಲ್ಲ, ಟೈರಿಲ್ಲ. ಊರಿನ ಒಳ್ಳೆಯ ವೆಲ್ಡಿಂಗ್ ಅಂಗಡಿಯವನು ನಮ್ಮ 40 ಸೆಂಟಿಮೀಟರ್ ಅಳತೆಗೆ ಮಾಡಿಕೊಡಬಲ್ಲ. ನೆಲಕ್ಕೆ ಇಳಿಸಿ ತುಂಬಬಹುದು, ಲಿವರ್ ಎತ್ತಿದರೆ ಹೊರಟಿತು. ಟ್ರೇಲರ್ ತಿರುಗಲಾರದ ಅಡಿಕೆ ಸಾಲಿನಲ್ಲಿ ಇದು ತಿರುಗುತ್ತದೆ. ಎರಡು ಎಚ್ಚರಿಕೆ ಮಾತ್ರ. ಪೆಟ್ಟಿಗೆ ಟ್ರ್ಯಾಕ್ಟರಿಗೆ ಎಷ್ಟು ಹತ್ತಿರ ಇರುತ್ತದೋ ಅಷ್ಟು ಒಳ್ಳೆಯದು, ಕೊಡದ ಲೆಕ್ಕ ನೆನಪಿಡಿ. ಇನ್ನೊಂದು, ಅದರ ಮೇಲೆ ಮಕ್ಕಳನ್ನಾಗಲಿ ಆಳುಗಳನ್ನಾಗಲಿ ಕೂರಿಸಲೇಬಾರದು.

ಪೂರ್ತಿ ಟ್ರೇಲರೇ ಬೇಕಾದರೆ ಮೂರು ವಿಷಯ ಕೇಳಿ. ಕಂಪನಿ ಈ ಗಾಡಿಗೆ ಎಷ್ಟು ಟನ್ ಎಳೆಯಲು ಹೇಳಿದೆ? ಎತ್ತಿ ಸುರಿಯುವ ಟ್ರೇಲರಾದರೆ ಟ್ರ್ಯಾಕ್ಟರಿನ ಹಿಂದೆ ಎಣ್ಣೆ ಒತ್ತಡದ ಪೈಪು ಸಿಕ್ಕಿಸುವ ಬಾಯಿ ಇದೆಯೇ, ಇಲ್ಲದಿದ್ದರೆ ಹಾಕಿಸಲು ಎಷ್ಟು? ಟ್ರೇಲರಿಗೆ ಬೇರೆ ನೋಂದಣಿ, ವಿಮೆ ಆಗಿದೆಯೇ? ಇಳಿಜಾರಿನಲ್ಲಿ ಹೆಚ್ಚು ಭಾರ ಹೇರಿದರೆ ಹಗುರ ಟ್ರ್ಯಾಕ್ಟರನ್ನು ಟ್ರೇಲರೇ ತಳ್ಳಿಕೊಂಡು ಹೋಗುತ್ತದೆ. ಮದುವೆಗೂ ಜಾತ್ರೆಗೂ ಜನ ತುಂಬಿಕೊಂಡು ಹೋಗುವ ಅಭ್ಯಾಸ ನಮ್ಮಲ್ಲಿದೆ. ಅದು ಕಾನೂನಿಗೆ ವಿರುದ್ಧ. ಅಪಘಾತವಾದರೆ ಪರಿಹಾರಕ್ಕಾಗಿ ಕೋರ್ಟು ಅಲೆಯುವವರು, ಬಾಗಿಲಿಗೆ ಬಂದವರಿಗೆ ಉತ್ತರ ಕೊಡುವವರು ಆರ್.ಸಿ.ಯಲ್ಲಿ ಹೆಸರಿರುವ ನೀವು.

ಈಗ ನನಗೆ ಬಹಳ ಮುಖ್ಯ ಎನ್ನಿಸುವ ಮಾತು. ಹಿಂದಿನ ತಿರುಗುವ ಶಾಫ್ಟು ನಿಮಿಷಕ್ಕೆ 540 ಸುತ್ತು ತಿರುಗುತ್ತದೆ. ಅಂದರೆ ಒಂದು ಸೆಕೆಂಡಿಗೆ ಒಂಬತ್ತು ಸುತ್ತು. ಶಾಫ್ಟಿನ ಕೀಲು ಇರುವ ಜಾಗ ದಪ್ಪ. ಅಲ್ಲಿ ಸೆರಗು ಸಿಕ್ಕಿದರೆ ಒಂದು ಸೆಕೆಂಡಿನಲ್ಲಿ ಎರಡು ಮೀಟರಿನಷ್ಟು ಬಟ್ಟೆ ಸುತ್ತಿಕೊಳ್ಳುತ್ತದೆ. ನಾವು ಉಡುವ ಸೀರೆ ಐದೂವರೆ ಮೀಟರ್. 'ಅಯ್ಯೋ' ಅನ್ನುವಷ್ಟರಲ್ಲಿ ಮುಗಿದಿರುತ್ತದೆ. ಗಂಡಸರ ಪಂಚೆ, ಟವೆಲ್ಲು, ಹುಡುಗಿಯರ ದುಪಟ್ಟಾ, ಬಿಟ್ಟ ಜಡೆ, ಎಲ್ಲದಕ್ಕೂ ಇದೇ ಲೆಕ್ಕ. ಮೆಕ್ಕೆಜೋಳದ ತೆನೆ ಬಿಡಿಸುವ ಮಿಷನ್ನಿನ ಹತ್ತಿರ ಹೆಂಗಸರೇ ಹೆಚ್ಚು ಇರುವುದರಿಂದ ಹೇಳುತ್ತಿದ್ದೇನೆ. ಆ ಶಾಫ್ಟಿನ ಮೇಲೆ ಪ್ಲಾಸ್ಟಿಕ್ಕಿನ ಕವಚ ಬರುತ್ತದೆ, ಟ್ರ್ಯಾಕ್ಟರಿನ ಕಡೆಯೂ ಒಂದು ತಗಡಿನ ಮುಚ್ಚಳ ಇರುತ್ತದೆ. ಗ್ರೀಸ್ ಹಾಕಲು ಅಡ್ಡ ಎಂದು ಮೊದಲ ತಿಂಗಳೇ ಎರಡನ್ನೂ ಕಿತ್ತು ಕೊಟ್ಟಿಗೆಗೆ ಎಸೆಯುತ್ತಾರೆ. ಟ್ರ್ಯಾಕ್ಟರಿಗೆ ಏನಾದರೂ 'ಹೊಸದಾಗಿ ಹಾಕಿಸಬೇಕು' ಎಂದಿದ್ದರೆ ಮೊದಲು ಅದನ್ನು ಹಾಕಿಸಿ. ಎರಡನೆಯ ಸಲಕರಣೆಗೆ ಒಕ್ಕೂಟ ಸಾಲ ಕೊಡುವ ಮೊದಲು ನಾನೇ ಬಂದು ಕವಚ ಇದೆಯೇ ಎಂದು ನೋಡುತ್ತೇನೆ. ಕವಚ ಇಲ್ಲದಿದ್ದರೆ ಸಾಲದ ಮಾತೇ ಇಲ್ಲ. ಇದರಲ್ಲಿ ನನ್ನ ಹತ್ತಿರ ಚೌಕಾಸಿ ನಡೆಯುವುದಿಲ್ಲ, ಈಗಲೇ ಹೇಳಿಬಿಡುತ್ತೇನೆ.

ಶಾಫ್ಟಿನ ಉದ್ದವನ್ನೂ ನೋಡಬೇಕು. ಒಂದರೊಳಗೊಂದು ಜಾರುವ ಎರಡು ಕೊಳವೆ ಅದು. ದೊಡ್ಡ ಟ್ರ್ಯಾಕ್ಟರಿನ ಅಳತೆಗೆ ಬಂದದ್ದನ್ನು ಹಾಗೆಯೇ ಹಾಕಿದರೆ ಸಲಕರಣೆ ಎತ್ತುವಾಗ ಒಳಗೆ ಜಾಗವಿಲ್ಲದೆ ಗುದ್ದಿ ಗೇರ್ ಬಾಕ್ಸಿನ ಬೇರಿಂಗು ಹೋಗುತ್ತದೆ. ತೀರಾ ಗಿಡ್ಡವಾದರೆ ಓಡುತ್ತಿರುವಾಗಲೇ ಕಳಚಿಕೊಳ್ಳುತ್ತದೆ. ಮಾರಿದವರೇ ನಿಮ್ಮ ಗಾಡಿಗೆ ಕಟ್ಟಿ, ಎತ್ತಿ ಇಳಿಸಿ, ಅಳತೆಗೆ ಕತ್ತರಿಸಿ ಕೊಡಬೇಕು. ಹಾಗೇ ಷೇರ್ ಬೋಲ್ಟ್ ಎಂಬ ಒಂದು ಮೆತ್ತನೆಯ ಬೋಲ್ಟು ಕೆಲವು ಸಲಕರಣೆಗಳಲ್ಲಿರುತ್ತದೆ. ಕಲ್ಲು ಸಿಕ್ಕಾಗ ಅದು ಮುರಿದು ಗೇರ್ ಬಾಕ್ಸನ್ನು ಉಳಿಸುತ್ತದೆ. ಪದೇ ಪದೇ ಮುರಿಯುತ್ತದೆ ಎಂದು ಗಟ್ಟಿ ಬೋಲ್ಟು ಹಾಕುವವನು ಜಾಣ ಅಲ್ಲ. ಅಂಥ ಬೋಲ್ಟು ಹತ್ತು ತಂದು ಸಂಘದ ಪೆಟ್ಟಿಗೆಯಲ್ಲಿಡಿ.

ಇನ್ನುಳಿದ ಚಿಲ್ಲರೆ ಸುಧಾರಣೆಗಳಲ್ಲಿ ತೋಳುಗಳ ಪಕ್ಕದ ಚೈನು ಮುಖ್ಯ. ರೋಟವೇಟರಿಗೆ, ಔಷಧಿ ಟ್ಯಾಂಕಿಗೆ ಅದು ಬಿಗಿಯಾಗಿರಬೇಕು, ನೇಗಿಲಿಗೆ ಸ್ವಲ್ಪ ಆಟ ಬೇಕು. ಜಗ್ಗಿದ ಚೈನಿನ ಬದಲು ತೂತುಗಳಿರುವ ಕಬ್ಬಿಣದ ಪಟ್ಟಿ ಸಿಗುತ್ತದೆ, ಅದು ಬಾಳಿಕೆ. ತುದಿ ಉದ್ದಗಿಡ್ಡ ಮಾಡಬಹುದಾದ ಕೆಳತೋಳುಗಳು ಸಿಕ್ಕರೆ ತೆಗೆದುಕೊಳ್ಳಿ. ಇನ್ನೊಬ್ಬರ ಸಹಾಯವಿಲ್ಲದೆ ಒಬ್ಬ ಹೆಂಗಸೇ ಸಲಕರಣೆ ಕಟ್ಟಬಹುದು. ಈಗ 'ಕ್ವಿಕ್ ಹಿಚ್' ಅಂತ ಒಂದು ಚೌಕಟ್ಟು ತೋರಿಸುತ್ತಾರೆ, ಹಿಮ್ಮುಖ ಬಂದರೆ ತಾನೇ ಕಚ್ಚಿಕೊಳ್ಳುತ್ತದೆ ಅಂತ. ನೋಡಲು ಚೆಂದ. ಆದರೆ ಅದು ಸಲಕರಣೆಯನ್ನು ಇನ್ನಷ್ಟು ಹಿಂದಕ್ಕೆ ತಳ್ಳುತ್ತದೆ, ಎತ್ತುವ ಶಕ್ತಿ ಕುಗ್ಗುತ್ತದೆ, ಶಾಫ್ಟಿನ ಅಳತೆ ತಪ್ಪುತ್ತದೆ. ನಮ್ಮ ಸಣ್ಣ ಗಾಡಿಗೆ ಸದ್ಯ ಬೇಡ ಎಂದೇ ನನ್ನ ಅಭಿಪ್ರಾಯ.

ದುಡ್ಡಿನ ಲೆಕ್ಕ ಹೇಗೆ ಹಾಕಬೇಕು? ಉದಾಹರಣೆಗೆ ಮಾತ್ರ ಒಂದು ಅಂಕಿ ಇಟ್ಟುಕೊಳ್ಳೋಣ. ಸಲಕರಣೆಗೆ 90,000 ರೂಪಾಯಿ, ಐದು ವರ್ಷ ಬಾಳಿಕೆ. ವರ್ಷಕ್ಕೆ 18,000 ಸವೆತ. ಶೇಕಡಾ 12ರ ಬಡ್ಡಿಯಾದರೆ, ಅಸಲು ಇಳಿಯುತ್ತಾ ಹೋಗುವುದರಿಂದ ಸರಾಸರಿ ವರ್ಷಕ್ಕೆ ಸುಮಾರು 5,400. ಬ್ಲೇಡು, ಬೇರಿಂಗು, ಗ್ರೀಸು 10,000. ಒಟ್ಟು 33,400. ಬಾಡಿಗೆಯಲ್ಲಿ ಡೀಸೆಲ್, ಡ್ರೈವರ್, ಟ್ರ್ಯಾಕ್ಟರಿನ ಕಂತು ಎಲ್ಲಾ ಕಳೆದು ಗಂಟೆಗೆ 200 ಉಳಿಯುತ್ತದೆ ಎಂದುಕೊಂಡರೆ 167 ಗಂಟೆ ಓಡಬೇಕು. ದಿನಕ್ಕೆ ಆರು ಗಂಟೆಯ ಹಾಗೆ 28 ದಿನ. ಇದು ಲಾಭವಲ್ಲ, ಅಸಲು ಮುಟ್ಟಲು ಮಾತ್ರ. ಈಗ ಯೋಚಿಸಿ. ಮಳೆ ಬಿದ್ದ ಮೇಲೆ ಹದ ಇರುವುದು ಎಷ್ಟು ದಿನ? ಆ ಹದದಲ್ಲಿ ನಿಮ್ಮ ಊರಿನಲ್ಲಿ ಆಗಲೇ ಎಷ್ಟು ರೋಟವೇಟರ್ ಓಡುತ್ತವೆ? ಹೋಬಳಿಯಲ್ಲಿ ಬಾಡಿಗೆ ಕೇಂದ್ರ ಇದ್ದರೆ, 2014-15ರಿಂದ ಬಂದ ಕೃಷಿ ಯಂತ್ರಧಾರೆಯದು, ಅಲ್ಲಿ ಏನೇನಿದೆ, ದರ ಎಷ್ಟು ಎಂದು ನೋಡಿ ಬನ್ನಿ. ಅಲ್ಲಿ ಸಿಗುವುದನ್ನೇ ನಾವೂ ತಂದು ಪೈಪೋಟಿಗೆ ನಿಲ್ಲುವುದಕ್ಕಿಂತ, ಅಲ್ಲಿ ಸಿಗದ್ದನ್ನು ತರುವುದು ಲೇಸು. ಹೊರುವ ಪೆಟ್ಟಿಗೆಗೆ, ಟ್ರೇಲರಿಗೆ ಹದದ ಹಂಗಿಲ್ಲ, ವರ್ಷವಿಡೀ ಕೆಲಸ. ಅದಕ್ಕೂ ಇದೇ ರೀತಿ ಲೆಕ್ಕ ಹಾಕಿ ನೋಡಿ.

ಕೊಳ್ಳಲು ಹೋಗುವಾಗ ಕನಿಷ್ಠ ಮೂವರು ಸದಸ್ಯೆಯರು ಹೋಗಿ. ಡ್ರೈವರನೂ ಬರಲಿ, ಮಾತು ನೀವಾಡಿ. ಕೇಂದ್ರ ಸರ್ಕಾರದ ಯಂತ್ರ ಪರೀಕ್ಷಾ ಸಂಸ್ಥೆಗಳು ಮಧ್ಯಪ್ರದೇಶದ ಬುಧ್ನಿಯಲ್ಲಿ, ನಮಗೆ ಹತ್ತಿರವಾಗಿ ಆಂಧ್ರದ ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿ ಇವೆ. 'ಪರೀಕ್ಷಾ ವರದಿ ಕೊಡಿ' ಎಂದು ಕೇಳಿ. ಪಿ.ಟಿ.ಒ. ಪವರ್, ಎತ್ತುವ ಶಕ್ತಿ ಅದರಲ್ಲಿ ಬರೆದಿರುತ್ತದೆ. ಬಿಲ್ಲು ಸಂಘದ ಹೆಸರಿನಲ್ಲೇ ಇರಲಿ, ಯಾರ ಯಜಮಾನರ ಹೆಸರಿನಲ್ಲೂ ಬೇಡ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮತ್ತು ಉಳುಮೆ ಸಲಕರಣೆಗಳ ಮೇಲಿನ ಜಿ.ಎಸ್.ಟಿ. ಶೇಕಡಾ 12ರಿಂದ 5ಕ್ಕೆ ಇಳಿದಿದೆ. ಹಳೆಯ ದರದ ಪಟ್ಟಿ ಮುಂದಿಟ್ಟರೆ ಕೇಳಿ. ಸಹಾಯಧನ ವರ್ಗಕ್ಕೆ ತಕ್ಕ ಹಾಗೆ, ವರ್ಷಕ್ಕೆ ತಕ್ಕ ಹಾಗೆ ಬದಲಾಗುತ್ತದೆ. ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸದೆ ಮುಂಗಡ ಕೊಡಬೇಡಿ, ಯಾಕೆಂದರೆ ಪಟ್ಟಿಯಲ್ಲಿರುವ ಮಾದರಿಗೆ ಮಾತ್ರ ಅದು ಸಿಗುತ್ತದೆ, ಮೊದಲೇ ಕೊಂಡಿದ್ದಕ್ಕೆ ಸಿಗುವುದಿಲ್ಲ. ಸಹಾಯಧನ ಇದೆ ಎಂಬ ಒಂದೇ ಕಾರಣಕ್ಕೆ ಬೇಡದ್ದನ್ನು ತರುವುದೂ ನಮ್ಮಲ್ಲಿ ನಡೆದಿದೆ. ಶಾಲೆಯ ಹಿಂದೆ ತುಕ್ಕು ಹಿಡಿಯುತ್ತಿರುವ ಬಿತ್ತನೆ ಕೂರಿಗೆ ಯಾವ ಊರಿನದೆಂದು ನಿಮಗೆ ಗೊತ್ತು, ಹೆಸರು ಹೇಳುವುದಿಲ್ಲ! ಸಾಧ್ಯವಾದರೆ ನಿಮ್ಮ ಹೊಲಕ್ಕೇ ತರಿಸಿ ಒಂದು ಗಂಟೆ ಓಡಿಸಿ ತೋರಿಸಲು ಹೇಳಿ. ಒಪ್ಪದಿದ್ದರೆ ಇನ್ನೊಂದು ಅಂಗಡಿಗೆ ಹೋಗಿ.

ಮುಂದಿನ ತಿಂಗಳ ಸಭೆಗೆ ಮೂರೂ ಸಂಘದವರು ಒಂದೊಂದು ಹಾಳೆ ತರಬೇಕು. ಅದರಲ್ಲಿ ಪಿನ್ನಿನ ದಪ್ಪ, ಪಿನ್ನುಗಳ ಅಂತರ, ಟೈರಿನಿಂದ ಟೈರಿಗೆ ಅಗಲ, ಪಿ.ಟಿ.ಒ. ಪವರ್, ಎತ್ತುವ ಶಕ್ತಿ ಇರಲಿ. ಹಾಳೆಯ ಹಿಂಬದಿಯಲ್ಲಿ, ಈ ಒಂದು ತಿಂಗಳಲ್ಲಿ ಪ್ರತಿ ಸದಸ್ಯೆ ತಲೆಯ ಮೇಲೆ ಏನೇನು ಎಷ್ಟು ಸಲ ಹೊತ್ತಳು ಎಂದು ಬರೆದು ತನ್ನಿ. ಬರೆಯಲು ಬಾರದವರು ಗೀಟು ಹಾಕಿದರೆ ಸಾಕು. ಅರ್ಜಿಗಳನ್ನು ಆ ಹಾಳೆಗಳ ಜೊತೆ ಇಟ್ಟುಕೊಂಡು ಅವತ್ತೇ ತೀರ್ಮಾನ ಮಾಡೋಣ. ಕವಚವನ್ನು ಮಾತ್ರ ಅಲ್ಲಿಯವರೆಗೆ ಕಾಯಬೇಡಿ, ಇವತ್ತು ಮನೆಗೆ ಹೋಗುವ ದಾರಿಯಲ್ಲೇ ಕೊಟ್ಟಿಗೆಯಲ್ಲಿ ಹುಡುಕಿಸಿ.